ಪ್ರಾಯಕ್ಕೆ ಬರುವ ಹುಂಜಗಳ ಪಾಲನೆ

ಹಿತ್ತಿಲಲ್ಲಿ ಕೋಳಿ ಸಾಕುವ ಮನೆಗಳಲ್ಲಿ ಹೇಂಟೆಗಳ ವಿಷಯದಲ್ಲಿ ತೋರಿಸುವ ಎಚ್ಚರಿಕೆಯ ಕಾಲುಭಾಗವನ್ನಾದರೂ ಹುಂಜಗಳ ವಿಷಯದಲ್ಲಿ ತೋರಿಸುವುದಿಲ್ಲ. ಯಾವ ಹೇಂಟೆ ಎಲ್ಲಿ ಮೊಟ್ಟೆಯಿಟ್ಟಿತು, ಎಂದು ಕಾವಿಗೆ ಕುಳಿತಿತು, ಎಷ್ಟು ಮರಿಗಳನ್ನು ಎಬ್ಬಿಸಿತು ಎಂಬುದೆಲ್ಲವೂ ಮನೆಯ ಹೆಂಗಸರಿಗೆ ಬಾಯಿಪಾಠವಾಗಿರುತ್ತದೆ. ಹುಂಜದ ಮರಿಗಳಾದರೋ ತಾವಾಗಿಯೇ ಬೆಳೆದು, ತಾವಾಗಿಯೇ ಕಾದಾಡಿ, ಹಬ್ಬ ಬಂದಾಗ ಕೈಗೆ ಸಿಕ್ಕಿದ್ದು ಅಡಿಗೆಮನೆ ಸೇರುವುದೆಂದು ತಿಳಿಯುವುದು ವಾಡಿಕೆ. ಈ ಉದಾಸೀನದಿಂದ ಆಗುವ ನಷ್ಟವು ಒಂದೇ ದಿನದಲ್ಲಿ ಕಣ್ಣಿಗೆ ಬೀಳತಕ್ಕದ್ದಲ್ಲ. ಆದುದರಿಂದಲೇ ಅದು ವರ್ಷವರ್ಷವೂ ಮುಂದುವರಿಯುತ್ತದೆ.

ಲೆಕ್ಕವು ಬಹು ಸುಲಭವಾದುದು. ಒಬ್ಬ ಹಿಡುವಳಿದಾರನು ಮೂರು ಹೇಂಟೆಗಳನ್ನು ಕಾವಿಗೆ ಕೂರಿಸಿದನೆಂದೂ, ಹದ್ದು, ಬೆಕ್ಕು, ಮುಂಗುಸಿಗಳ ಬಾಯಿಗೆ ಹೋದದ್ದು ಹೋಗಿ 24 ಮರಿಗಳು ಉಳಿದವೆಂದೂ ಇಟ್ಟುಕೊಳ್ಳೋಣ. ಹುಟ್ಟುವ ಮರಿಗಳಲ್ಲಿ ಹೆಚ್ಚುಕಡಮೆ ಅರ್ಧ ಗಂಡು, ಅರ್ಧ ಹೆಣ್ಣು. ಹೀಗೆ ದೊರೆತ 12 ಹುಂಜದ ಮರಿಗಳಲ್ಲಿ ಆ ಮನೆಗೆ ನಿಜವಾಗಿ ಬೇಕಾದವು ಎರಡು ಮಾತ್ರ. ಉಳಿದ 10 ಹುಂಜಗಳನ್ನು ಮಾರತಕ್ಕ ಕಾಲ ಬಂದಮೇಲೆಯೂ ಮೂರು ತಿಂಗಳು ಸುಮ್ಮನೆ ಇಟ್ಟುಕೊಂಡರೆ, ಅವು ಹಿತ್ತಿಲಲ್ಲಿ ಕೆದಕಿ ತಿನ್ನುವುದನ್ನು ಬಿಟ್ಟು, ತಲೆಗೆ ದಿನಕ್ಕೆ 50 ಗ್ರಾಂ ಕಾಳಿನಂತೆ ಹಾಕಿದರೂ 45 ಕಿಲೋ ಕಾಳು ಖರ್ಚಾಗುತ್ತದೆ. ಆ ಕಾಲದಲ್ಲಿ ಅವುಗಳ ತೂಕ ಹೆಚ್ಚುವುದು ಅತ್ಯಲ್ಪ; ಮಾಂಸವೂ ಗಟ್ಟಿಯಾಗುತ್ತ ಹೋಗುತ್ತದೆ. ಹೇಂಟೆಗಳ ಮೊಟ್ಟೆಯಿಂದ ಬಂದ ಹಣವನ್ನು ಹುಂಜಗಳು ಹೀಗೆ ತಿಂದುಹಾಕುತ್ತವೆ. ಆ ಹಣವು ಬಹುಮಟ್ಟಿಗೆ ಮನೆಯ ಹೆಂಗಸರ ಕೈಖರ್ಚಿನ ಹಣವಾಗಿರುವುದನ್ನು ಯಜಮಾನರು ಮರೆಯಕೂಡದು.

ಹುಂಜದ ಮರಿಯನ್ನು ಗುರುತಿಸುವುದು

ನಾಟಿ ಕೋಳಿಯ ಮರಿಗಳಲ್ಲಿ ಗಂಡುಹೆಣ್ಣಿನ ಭೇದವು ಆರರಿಂದ ಎಂಟು ವಾರಗಳೊಳಗಾಗಿ ತೋರಲು ಮೊದಲಾಗುತ್ತದೆ. ಗಂಡುಮರಿಯ ಜುಟ್ಟು ಬೇಗ ಬೆಳೆದು ಕೆಂಪಾಗುತ್ತದೆ, ಗಲ್ಲದ ಕೆಳಗಿನ ಜೋಲು ಚರ್ಮವೂ ಕಾಣಿಸಿಕೊಳ್ಳುತ್ತದೆ, ಕಾಲುಗಳು ದಪ್ಪವಾಗಿರುತ್ತವೆ. ಇವುಗಳಿಂದ ಸಂಶಯ ಹರಿಯದಿದ್ದರೆ 12 ವಾರಗಳ ಸುಮಾರಿಗೆ ಬೆನ್ನಿನ ಕೊನೆಯ ಭಾಗದ, ಅಂದರೆ ಬಾಲಕ್ಕೆ ಮುಂಚಿನ, ಪುಕ್ಕಗಳನ್ನು ನೋಡತಕ್ಕದ್ದು. ಹುಂಜದಲ್ಲಿ ಅವು ಚೂಪಾಗಿ, ಹೊಳಪುಳ್ಳವಾಗಿ ಇಳಿಬೀಳುತ್ತವೆ. ಹೇಂಟೆಯಲ್ಲಿ ಅವುಗಳ ತುದಿ ದುಂಡಾಗಿರುತ್ತದೆ. ಈ ಗುರುತು ತಪ್ಪುವುದು ಬಹಳ ಅಪರೂಪ. ಬಣ್ಣವನ್ನು ಮಾತ್ರವೇ ನಂಬಿ ಹ್ಯಾಟೆಯನ್ನು ಹುಂಜವೆಂದು ಸಂತೆಗೆ ಕೊಟ್ಟು ಆಮೇಲೆ ಪರಿತಪಿಸಿದವರು ಇಲ್ಲದಿಲ್ಲ.

ಕೂಗು ಪ್ರಾಯದ ಇನ್ನೊಂದು ಲಕ್ಷಣ. ಕೆಲವು ಮರಿಗಳು ಮೂರನೆಯ ತಿಂಗಳಲ್ಲಿಯೇ ಒಡಕು ಧ್ವನಿಯಿಂದ ಕೂಗಲು ಪ್ರಯತ್ನಿಸುತ್ತವೆ. ಕೆಲವು ಐದು ತಿಂಗಳಾದರೂ ಸುಮ್ಮನಿರುತ್ತವೆ. ತಡವಾಗಿ ಕೂಗುವ ಮರಿಯೆಲ್ಲವೂ ನಿಸ್ಸತ್ವವಾದದ್ದೆಂದು ತಿಳಿಯಬಾರದು. ಬಲವಾದ ಹುಂಜವೊಂದು ಮಂದೆಯಲ್ಲಿದ್ದರೆ ಕೆಳಗಿನವು ಬಾಯಿ ಬಿಡಲು ಅಂಜುತ್ತವೆ. ದೊಡ್ಡ ಹುಂಜವನ್ನು ಮಾರಿದ ಮರುದಿನವೇ ಅದುವರೆಗೆ ಮೂಕವಾಗಿದ್ದ ಮರಿಯು ಬೇಲಿಯೇರಿ ಕೂಗುವುದನ್ನು ಎಷ್ಟೋ ಮಂದಿ ನೋಡಿರುತ್ತಾರೆ.

ಮಂದೆಯಲ್ಲಿ ನಡೆಯುವ ಸಂಗತಿ

ಕೋಳಿಗಳ ಮಂದೆಯು ಗುಂಪುಗೂಡಿದ ಜನಸಂದಣಿಯಂತಲ್ಲ. ಅದರಲ್ಲಿ ಮೇಲುಕೀಳೆಂಬ ಕಟ್ಟುಪಾಡುಂಟು. ಯಾವುದು ಯಾವುದನ್ನು ಕುಕ್ಕಬಹುದು, ಯಾವುದು ಯಾವುದಕ್ಕೆ ದಾರಿ ಬಿಡಬೇಕು ಎಂಬುದು ನಿಗದಿಯಾಗಿರುತ್ತದೆ. ನಾರ್ವೆ ದೇಶದ ಷೆಲ್ಡರಪ್-ಎಬ್ಬೆ ಎಂಬ ಪಂಡಿತನು ಇದನ್ನು ಕೂಲಂಕಷವಾಗಿ ಗಮನಿಸಿ 1922ರಲ್ಲಿ ಪ್ರಕಟಿಸಿದನು. ಹುಂಜದ ಮರಿಗಳು ತಾಯಿಯ ಹಿಂದೆ ತಿರುಗುವಾಗ ಈ ಕಟ್ಟುಪಾಡಿಗೆ ಒಳಪಟ್ಟಿರುತ್ತವೆ. ನಾಲ್ಕನೆಯ, ಐದನೆಯ ತಿಂಗಳಿಗೆ ಮೈಯಲ್ಲಿ ಪ್ರಾಯದ ರಸವೇರಿದಾಗ ಅವು ಮೊದಲು ತಮ್ಮ ತಮ್ಮಲ್ಲಿಯೂ, ಆಮೇಲೆ ಹೇಂಟೆಗಳ ಮೇಲೆಯೂ, ಕೊನೆಗೆ ಹಳೆಯ ಹುಂಜದ ಮೇಲೆಯೂ ಕೈಮಾಡುತ್ತವೆ.

ಇದರಲ್ಲಿ ಹೆಚ್ಚಾಗಿ ಹಾನಿಗೊಳಗಾಗುವುದು ಹೇಂಟೆ. ಅನುಭವಿಯಾದ ಹುಂಜವು ಕಾಳು ಕಂಡರೆ ತಾನು ತಿನ್ನದೆ ಕೊಕ್ಕೊಕ್ಕೆಂದು ಹೇಂಟೆಗಳನ್ನು ಕರೆದು, ರೆಕ್ಕೆ ಇಳಿಬಿಟ್ಟು ಸುತ್ತು ಬಂದು, ಅದು ಒಪ್ಪಿ ಕುಳಿತಮೇಲೆ ಮೆಟ್ಟುತ್ತದೆ. ಎಳೆಯ ಹುಂಜಗಳಿಗೆ ಈ ಮರ್ಯಾದೆ ಇನ್ನೂ ತಿಳಿಯದು. ಅವು ಅಟ್ಟಿಸಿಕೊಂಡು ಹೋಗಿ, ನೆತ್ತಿಯ ಪುಕ್ಕವನ್ನು ಕಚ್ಚಿ, ಮೇಲೆ ಬೀಳುತ್ತವೆ. ಒಂದು ಇಳಿಯುವಷ್ಟರಲ್ಲಿ ಇನ್ನೊಂದು ಹತ್ತುತ್ತದೆ. ಹೇಂಟೆಯ ಬೆನ್ನು ಬೋಳಾಗುವುದು, ತಲೆಯ ಹಿಂಭಾಗ ಗಾಯವಾಗುವುದು, ರೆಕ್ಕೆಯ ಕೆಳಗೆ ಪಕ್ಕೆಯ ಚರ್ಮವು ಮುಳ್ಳಿನಿಂದಲೋ ಉಗುರಿನಿಂದಲೋ ಸೀಳಿಹೋಗುವುದು ಇವೇ ಇದರ ಲಕ್ಷಣಗಳು. ಪಕ್ಕೆಯ ಗಾಯವು ಪುಕ್ಕಗಳ ಮರೆಯಲ್ಲಿರುವುದರಿಂದ ಹುಳು ಬಿದ್ದಮೇಲೆಯೇ ಗೊತ್ತಾಗುವುದುಂಟು. ಇಂತಹ ಮಂದೆಯಲ್ಲಿ ಹೇಂಟೆಗಳು ಹಗಲೆಲ್ಲ ಅಟ್ಟದ ಮೇಲೆಯೋ ಬೇಲಿಯ ಸಂದಿಯಲ್ಲಿಯೋ ಅಡಗಿ, ಮೇವಿಗೂ ನೀರಿಗೂ ಇಳಿಯದೆ, ಮೊಟ್ಟೆಯನ್ನೂ ಕಡಮೆಮಾಡುತ್ತವೆ. ಇದನ್ನು ಅರಿಯದೆ ದೃಷ್ಟಿಯಾಯಿತೆಂದು ಎಣಿಸುವುದು ಸರಿಯಲ್ಲ.

ನಾಟಿ ಕೋಳಿಗಳಲ್ಲಿ ಹತ್ತು ಹನ್ನೆರಡು ಹೇಂಟೆಗಳಿಗೆ ಒಂದು ಹುಂಜ ಸಾಕು. ದಪ್ಪ ಜಾತಿಯ ಕೋಳಿಗಳಲ್ಲಿ ಎಂಟಕ್ಕೆ ಒಂದು. ಇದಕ್ಕಿಂತ ಹೆಚ್ಚು ಹುಂಜಗಳಿದ್ದರೆ ಮೊಟ್ಟೆಗಳು ಹೆಚ್ಚಾಗಿ ಮರಿಯಾಗುತ್ತವೆಂಬ ನಂಬಿಕೆ ಉಂಟು. ನಡೆಯುವುದು ಅದಕ್ಕೆ ವಿರುದ್ಧ. ಒಂದರ ಕೆಲಸವನ್ನು ಇನ್ನೊಂದು ಕೆಡಿಸುವುದರಿಂದ ಬರಡು ಮೊಟ್ಟೆಗಳೇ ಹೆಚ್ಚುತ್ತವೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಬೆಳೆಸಿದ ಗಿರಿರಾಜ ಮೊದಲಾದ ದಪ್ಪ ತಳಿಯ ಹುಂಜಗಳನ್ನು ಸಣ್ಣ ನಾಟಿ ಹೇಂಟೆಗಳೊಡನೆ ಬಿಡುವವರು ಇನ್ನೂ ಹೆಚ್ಚು ಎಚ್ಚರದಿಂದಿರಬೇಕು. ಅವುಗಳ ಭಾರವನ್ನು ನಾಟಿ ಹೇಂಟೆಯ ಬೆನ್ನು ತಡೆಯಲಾರದು.

ಎರಡು ಸಲ ಆರಿಸುವ ಕ್ರಮ

ಹುಂಜಗಳನ್ನು ಒಂದೇ ಸಲಕ್ಕೆ ಆರಿಸುವುದಕ್ಕಿಂತ ಎರಡು ಸಲ ಆರಿಸುವುದು ಮೇಲು. ಮೊದಲನೆಯದು 12 ವಾರಗಳ ವಯಸ್ಸಿನಲ್ಲಿ. ಆಗ ಕಾಲು ಸೊಟ್ಟಗಿರುವುದು, ಕೊಕ್ಕು ಓರೆಯಾಗಿರುವುದು, ಎದೆಯ ಮೂಳೆ ಬಾಗಿರುವುದು, ಒಮ್ಮೆ ಕಾಯಿಲೆ ಬಿದ್ದು ಕುಂಠಿತವಾದುದು ಇವುಗಳನ್ನೆಲ್ಲ ಬೇರೆ ತೆಗೆಯತಕ್ಕದ್ದು. ಉಳಿದವುಗಳಲ್ಲಿ ನಾಲ್ಕೈದಕ್ಕೆ ಕಾಲಿಗೆ ಬಣ್ಣದ ದಾರವನ್ನು ಸಡಿಲವಾಗಿ ಕಟ್ಟಿ ಗುರುತಿಟ್ಟು, ಕಾಲು ದಪ್ಪವಾದ ಹಾಗೆಲ್ಲ ಬಿಚ್ಚಿ ಕಟ್ಟಬೇಕು. ದಾರವನ್ನು ಮರೆತರೆ ಅದು ಚರ್ಮದೊಳಕ್ಕೆ ಇಳಿದು ಕಾಲನ್ನೇ ಕೆಡಿಸುತ್ತದೆ.

ಎರಡನೆಯ ಆಯ್ಕೆಯು 20 ವಾರಗಳ ಮೇಲೆ. ಈಗ ಮೈಕಟ್ಟಿಗಿಂತಲೂ ನಡತೆಯನ್ನು ಹೆಚ್ಚಾಗಿ ನೋಡಬೇಕು. ಹದ್ದಿನ ನೆರಳು ಕಂಡೊಡನೆ ಕೂಗಿ ಎಚ್ಚರಿಸುವ, ಕಾಳಿಗೆ ಹೇಂಟೆಗಳನ್ನು ಕರೆಯುವ, ಸಂಜೆ ಗೂಡಿಗೆ ತಾನಾಗಿ ಬರುವ ಹುಂಜವೇ ಬೀಜಕ್ಕೆ ಯೋಗ್ಯವಾದುದು. ಅದರ ತಾಯಿ ಯಾವುದೆಂದೂ ವಿಚಾರಿಸಬೇಕು. ಹೆಚ್ಚು ಮೊಟ್ಟೆಯಿಟ್ಟು, ಮರಿಗಳನ್ನು ಕಾಪಾಡಿ ಬೆಳೆಸಿದ ಹೇಂಟೆಯ ಮಗನಿಗೆ ಮೊದಲ ಸ್ಥಾನ ಕೊಡತಕ್ಕದ್ದು. ಏಕೆಂದರೆ ಹುಂಜವು ತಾನು ಮೊಟ್ಟೆಯಿಡದಿದ್ದರೂ ತಾಯಿಯ ಗುಣವನ್ನು ಎಲ್ಲಾ ಹೆಣ್ಣುಮರಿಗಳಿಗೂ ಹಂಚುತ್ತದೆ. ಕೆಟ್ಟ ಹೇಂಟೆಯೊಂದರಿಂದ ಅದರ ಹತ್ತು ಮರಿಗಳು ಮಾತ್ರ ಕೆಡುತ್ತವೆ. ಕೆಟ್ಟ ಹುಂಜದಿಂದ ಇಡೀ ಹಿತ್ತಿಲೇ ಕೆಡುತ್ತದೆ.

ಮಕ್ಕಳನ್ನು ಕಂಡರೆ ಹಾರಿಬೀಳುವ ಹುಂಜವು ಎಷ್ಟೇ ಚೆಲುವಾಗಿದ್ದರೂ ಬೀಜಕ್ಕೆ ಇಟ್ಟುಕೊಳ್ಳಕೂಡದು. ಕೊಕ್ಕಿನ ಒಂದು ಪೆಟ್ಟು ಮಗುವಿನ ಕಣ್ಣಿಗೆ ಬಿದ್ದರೆ ಆ ನಷ್ಟಕ್ಕೆ ಯಾವ ಲೆಕ್ಕವೂ ಇಲ್ಲ. ಈ ಮುಂಗೋಪವು ಸ್ವಲ್ಪಮಟ್ಟಿಗೆ ರಕ್ತದಿಂದಲೂ, ಸ್ವಲ್ಪಮಟ್ಟಿಗೆ ಅಭ್ಯಾಸದಿಂದಲೂ ಬರುತ್ತದೆ. ಎಳೆಯದರಲ್ಲಿ ಕಾಲಿನಿಂದ ಕೆಣಕಿ ಕಾದಾಡಿಸಿ ನಗುವುದು ಹುಡುಗರ ಆಟವಾಗಿರಬಹುದು. ಆ ಪಾಠವನ್ನು ಹುಂಜವು ಮರೆಯುವುದಿಲ್ಲ. ಕಾಲಿನ ಮುಳ್ಳು ಉದ್ದವಾಗಿ ಬೆಳೆದಿದ್ದರೆ ಚೂಪಾದ ತುದಿಯನ್ನು ಮಾತ್ರ ಅರದಿಂದ ಉಜ್ಜಿ ಮೊಂಡು ಮಾಡಬಹುದು. ಬುಡದವರೆಗೆ ಕತ್ತರಿಸಿದರೆ ರಕ್ತ ಸುರಿಯುತ್ತದೆ.

ಬಲವಾದ ಹುಂಜ ಕಂಡರೆ ಜೂಜಿಗೆ ಬಿಡುವವರು ಹೆಚ್ಚು ಬೆಲೆ ಕೊಡುತ್ತೇವೆಂದು ಬರುತ್ತಾರೆ. ಪ್ರಾಣಿಗಳನ್ನು ಕಾದಾಟಕ್ಕೆ ಎತ್ತಿಕಟ್ಟುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ಮೇರೆಗೆ ಅಪರಾಧ. ಊರಿನ ಮುಖ್ಯಸ್ಥರು ಇಂತಹವರಿಗೆ ಊರಿನಲ್ಲಿ ಎಡೆಗೊಡಬಾರದು.

ಹೆಚ್ಚಿನ ಹುಂಜಗಳನ್ನು ಬೇರೆ ಇಡುವುದು

ಮೊದಲನೆಯ ಆಯ್ಕೆಯಾದ ಕೂಡಲೆ ಎಲ್ಲಾ ಹುಂಜದ ಮರಿಗಳನ್ನೂ ಹೇಂಟೆಗಳಿಂದ ಬೇರ್ಪಡಿಸಿ ಒಂದೇ ಆವರಣದಲ್ಲಿಡುವುದು ಉತ್ತಮ. ಒಟ್ಟಿಗೆ ಬೆಳೆದ ಹುಂಜಗಳು, ಹೇಂಟೆಗಳು ಕಣ್ಣಿಗೆ ಬೀಳದಂತಿದ್ದರೆ, ಆಶ್ಚರ್ಯಪಡುವಷ್ಟು ಸಮಾಧಾನದಿಂದ ಇರುತ್ತವೆ. ಮೊದಲ ಕೆಲವು ದಿನ ಎದೆಗೆ ಎದೆ ಕೊಟ್ಟು ನಿಂತರೂ ಬೇಗನೆ ತಮ್ಮೊಳಗೆ ದೊಡ್ಡದು ಚಿಕ್ಕದನ್ನು ಗೊತ್ತುಮಾಡಿಕೊಳ್ಳುತ್ತವೆ. ಇಲ್ಲಿ ಒಂದು ನಿಯಮವನ್ನು ಮಾತ್ರ ಮೀರಬಾರದು: ಅಲ್ಲಿಂದ ಹೊರಗೆ ತೆಗೆದ ಹುಂಜವನ್ನು ಕೆಲವು ದಿನಗಳ ಮೇಲೆ ಮತ್ತೆ ಅಲ್ಲಿಗೇ ಬಿಡಕೂಡದು. ಸಂತೆಗೆ ಒಯ್ದು ಬೆಲೆ ಕುದುರದೆ ಹಿಂದಕ್ಕೆ ತಂದ ಹುಂಜವನ್ನು ಅದರ ಒಡಹುಟ್ಟಿದವೇ ಪರಕೀಯನೆಂದು ಭಾವಿಸಿ ರಕ್ತ ಬರುವವರೆಗೆ ಹೊಡೆಯುತ್ತವೆ. ಸಂತೆಯಿಂದ ರೋಗವೂ ಅದರೊಡನೆ ಬರಬಹುದು.

ರಾತ್ರಿಯ ಗೂಡಿನಲ್ಲಿ ತಲೆಗೆ ಎರಡು ಮೂರು ಚದರಡಿಯಾದರೂ ನೆಲವಿರಬೇಕು. ಆವರಣದಲ್ಲಿ ಒಂದೆರಡು ಕಡೆ ಹಳೆಯ ಮಂಕರಿ, ಚಾಪೆ, ಸೌದೆಯ ರಾಶಿ ಮೊದಲಾದುವನ್ನು ಇಟ್ಟು ಸೋತ ಹುಂಜಕ್ಕೆ ಮರೆಯಾಗಲು ಜಾಗ ಮಾಡಿಕೊಡತಕ್ಕದ್ದು. ಮೇವಿನ ತಟ್ಟೆ ಒಂದೇ ಇದ್ದರೆ ಬಲಿಷ್ಠವಾದವು ಅದನ್ನು ಕಾವಲು ಕಾಯುತ್ತವೆ. ಆದುದರಿಂದ ದೂರದೂರವಾಗಿ ಎರಡು ಮೂರು ಕಡೆ ಇಡಬೇಕು. ಒಂದರ ಮೈಮೇಲೆ ರಕ್ತ ಕಂಡರೆ ಅದೇ ಗಳಿಗೆಯಲ್ಲಿ ಬೇರೆ ಮಾಡಬೇಕು. ಕೆಂಪು ಕಂಡಲ್ಲಿಗೇ ಮಿಕ್ಕವು ಕುಕ್ಕುತ್ತವೆ.

ಬೆಳೆಯುವ ಹುಂಜಗಳಿಗೆ ಮುಸುಕಿನ ಜೋಳ ಇಲ್ಲವೆ ರಾಗಿ ಐದು ಪಾಲು, ತೌಡು ಎರಡು ಪಾಲು, ಕಡಲೆಕಾಯಿ ಹಿಂಡಿ ಎರಡು ಪಾಲು ಬೆರೆಸಿ, ಖನಿಜ ಮಿಶ್ರಣವನ್ನು ಸ್ವಲ್ಪ ಸೇರಿಸಿ ಕೊಡಬಹುದು. ಕುದುರೆಮಸಾಲೆ ಸೊಪ್ಪು, ನುಗ್ಗೆಸೊಪ್ಪು ಮೇಲುಮೇವಾಗಿ ಒಳ್ಳೆಯವು. ಬೂಷ್ಟು ಹಿಡಿದ ಹಿಂಡಿಯನ್ನು ಮಾತ್ರ ಅಗ್ಗವೆಂದು ಹಾಕಲೇಕೂಡದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಗಿಲಾದ ಸೀಮೆಕೋಳಿಗಳು ಇದ್ದಕ್ಕಿದ್ದಂತೆ ಸತ್ತಾಗ, ವಿಚಾರಣೆಯಲ್ಲಿ ಗೊತ್ತಾದ ಕಾರಣವು ಬೂಷ್ಟು ತಗುಲಿದ ಕಡಲೆಕಾಯಿ ಹಿಂಡಿಯೇ. ಆ ಬೂಷ್ಟಿನ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರು; ಅದು ಯಕೃತ್ತನ್ನು ಕೆಡಿಸುತ್ತದೆ. ಅಂಗಡಿಯಲ್ಲಿ ದೊರೆಯುವ, ಮೊಟ್ಟೆಯಿಡುವ ಕೋಳಿಗಳ ಮೇವನ್ನು ಎಳೆಯ ಹುಂಜಗಳಿಗೆ ಹಾಕುವುದೂ ತಪ್ಪು. ಮೊಟ್ಟೆಯ ಚಿಪ್ಪಿಗಾಗಿ ಅದರಲ್ಲಿ ಬೆಳೆಯುವ ಮರಿಗೆ ಬೇಕಾದುದಕ್ಕಿಂತ ಮೂರು ನಾಲ್ಕು ಪಾಲು ಹೆಚ್ಚು ಸುಣ್ಣದಂಶವಿರುತ್ತದೆ. ಅದು ಹುಂಜಗಳ ಮೂತ್ರಪಿಂಡಕ್ಕೆ ಕೇಡು. ಹುಂಜ ಹೇಂಟೆಗಳು ಕೂಡಿಯೇ ಮೇಯುವ ಕಡೆ ಸಾಧಾರಣ ಮೇವನ್ನು ಹಾಕಿ, ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಮಡಕೆಯಲ್ಲಿಟ್ಟರೆ ಹೇಂಟೆಗಳು ತಮಗೆ ಬೇಕಾದಷ್ಟನ್ನು ತಾವೇ ತಿನ್ನುತ್ತವೆ.

ಆವರಣ ಕಟ್ಟಲು ಸ್ಥಳವಿಲ್ಲದವರು ಹುಂಜದ ಕಾಲಿಗೆ ಹುರಿ ಬಿಗಿದು ಗೂಟಕ್ಕೆ ಕಟ್ಟುವುದುಂಟು. ಇದು ಒಳ್ಳೆಯ ಪದ್ಧತಿಯಲ್ಲ. ಬೇರೆ ದಾರಿಯಿಲ್ಲದಿದ್ದರೆ ಹುರಿಗೆ ಬದಲಾಗಿ ಅಗಲವಾದ ಬಟ್ಟೆಯ ಪಟ್ಟಿಯನ್ನು ಉಪಯೋಗಿಸಿ, ದಿನಬಿಟ್ಟು ದಿನ ಕಾಲು ಬದಲಿಸಿ, ನೆರಳೂ ನೀರೂ ಎಟಕುವಂತೆ ಕಟ್ಟತಕ್ಕದ್ದು.

ಮಾರುವ ಕಾಲ

ಹುಂಜದ ಬೆಲೆಯು ಅದರ ತೂಕಕ್ಕಿಂತಲೂ ಪಂಚಾಂಗವನ್ನು ಹೆಚ್ಚಾಗಿ ಅನುಸರಿಸುತ್ತದೆ. ಬೆಂಗಳೂರಿನ ಸುತ್ತುಮುತ್ತ ಯುಗಾದಿಯ ಮರುದಿನದ ಹೊಸತೊಡಕಿಗೆ ನಾಟಿ ಹುಂಜಕ್ಕೆ ಇರುವ ಗಿರಾಕಿ ವರ್ಷದ ಇನ್ನಾವ ದಿನಕ್ಕೂ ಕಡಮೆಯಲ್ಲ. ಊರ ಮಾರಿಹಬ್ಬ, ಮಹಾಲಯದ ಪಕ್ಷ ಇವು ಇನ್ನೆರಡು ಕಾಲಗಳು. ಶ್ರಾವಣಮಾಸದಲ್ಲಿಯಾದರೋ ಅನೇಕ ಮನೆಗಳಲ್ಲಿ ಮಾಂಸವನ್ನೇ ಮುಟ್ಟುವುದಿಲ್ಲವಾದುದರಿಂದ ಬೆಲೆ ಇಳಿಯುತ್ತದೆ. ಯುಗಾದಿಯು ಸಾಮಾನ್ಯವಾಗಿ ಮಾರ್ಚಿಯ ಎರಡನೆಯ ಅರ್ಧದಿಂದ ಏಪ್ರಿಲ್ ನಡುವಿನೊಳಗೆ ಬರುತ್ತದೆ. ಮೊಟ್ಟೆ ಮರಿಯಾಗಲು 21 ದಿನ, ಮರಿಯು ಮಾರುವಂತಾಗಲು 18ರಿಂದ 20 ವಾರ. ಹಿಂದಕ್ಕೆ ಎಣಿಸಿದರೆ ಅಕ್ಟೋಬರಿನ ಕೊನೆಯಲ್ಲಿ ಹೇಂಟೆಯನ್ನು ಕಾವಿಗೆ ಕೂರಿಸತಕ್ಕದ್ದೆಂದು ಗೊತ್ತಾಗುತ್ತದೆ. ಹೀಗೆ ನವೆಂಬರಿನಲ್ಲಿ ಎದ್ದ ಮರಿಗಳಿಗೆ ರಾಗಿ ಕೊಯ್ಲಿನ ಕಣದ ಕಾಳೂ ಹುಳುವೂ ಧಾರಾಳವಾಗಿ ಸಿಗುತ್ತವೆ. ಬೇಸಗೆಯ ರೋಗಗಳು ಹಬ್ಬುವ ಹೊತ್ತಿಗೆ ಹೆಚ್ಚಿನ ಹುಂಜಗಳು ಮನೆಯಿಂದ ಹೊರಟುಹೋಗಿರುತ್ತವೆ. ಹೊಸತೊಡಕಿನ ಹಿಂದಿನ ದಿನ ದಲ್ಲಾಳಿಗೆ ಒಟ್ಟಾಗಿ ಒಪ್ಪಿಸುವುದಕ್ಕಿಂತ, ಒಂದು ವಾರ ಮುಂಚಿತವಾಗಿ ನೆರೆಹೊರೆಯ ಮನೆಗಳಿಗೆ ತೂಗಿ ಕೊಡುವುದಾಗಿ ಮಾತಾಡಿಕೊಂಡರೆ ನಡುವಿನ ಲಾಭವು ಸಾಕಿದವರಿಗೇ ಉಳಿಯುತ್ತದೆ.

ಕೊಕ್ಕರೆ ರೋಗ

ಮೇಲೆ ಹೇಳಿದ ಲೆಕ್ಕವನ್ನೆಲ್ಲ ಒಂದೇ ವಾರದಲ್ಲಿ ಅಳಿಸಿಹಾಕಬಲ್ಲದ್ದು ಕೊಕ್ಕರೆ ರೋಗ. ಭಾರತದಲ್ಲಿ ಮೊದಲು ಕುಮಾವೂನಿನ ರಾಣಿಖೇತಿನಲ್ಲಿ ಗುರುತಿಸಿದುದರಿಂದ ಇದನ್ನು ರಾಣಿಖೇತ್ ರೋಗವೆಂದೂ ಕರೆಯುತ್ತಾರೆ. ಬಾಯಿ ತೆರೆದು ಉಸಿರೆಳೆಯುವುದು, ಹಸುರು ಭೇದಿ, ಕತ್ತು ತಿರುಚುವುದು, ರೆಕ್ಕೆ ಜೋಲುಬೀಳುವುದು ಇದರ ಲಕ್ಷಣಗಳು. ಬಂದಮೇಲೆ ಔಷಧವಿಲ್ಲ, ಬರುವ ಮುಂಚೆ ಲಸಿಕೆಯೊಂದೇ ಉಪಾಯ. ಮರಿಗೆ ಐದರಿಂದ ಏಳು ದಿನಗಳೊಳಗೆ ಕಣ್ಣಿಗೋ ಮೂಗಿಗೋ ಒಂದು ತೊಟ್ಟು, ಆರರಿಂದ ಎಂಟು ವಾರಗಳಲ್ಲಿ ರೆಕ್ಕೆಯ ಬಳಿ ಚುಚ್ಚುಮದ್ದು ಹಾಕಿಸಬೇಕು.

ಈ ವಿಷಯದಲ್ಲಿ ಗ್ರಾಮದ ಮುಖ್ಯಸ್ಥರ ಸಹಾಯವಿಲ್ಲದೆ ಕೆಲಸ ನಡೆಯದು. ಲಸಿಕೆಯ ಒಂದು ಸೀಸೆಯು ನೂರಾರು ಕೋಳಿಗಳಿಗೆ ಆಗುವಷ್ಟಿರುತ್ತದೆ, ಬೆರೆಸಿದಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಅದುವರೆಗೆ ಮಂಜಿನಲ್ಲಿಟ್ಟಿರಬೇಕು. ಹತ್ತು ಕೋಳಿಗಳಿರುವ ಒಬ್ಬನು ಅದನ್ನು ತರಿಸಲಾರನು. ಮುಖ್ಯಸ್ಥರು ಪಶುವೈದ್ಯ ಶಾಲೆಯವರೊಡನೆ ದಿನ ಗೊತ್ತುಮಾಡಿ, ಹಿಂದಿನ ಸಂಜೆ ಡಂಗುರ ಹೊಯ್ಸಿ, ಬೆಳಿಗ್ಗೆ ಗೂಡು ತೆರೆಯುವುದಕ್ಕೆ ಮುಂಚೆಯೇ ಮನೆಮನೆಗೂ ಹೋಗುವಂತೆ ಏರ್ಪಡಿಸಿದರೆ ಇಡೀ ಊರಿಗೆ ಒಂದೇ ದಿನ ಮುಗಿಯುತ್ತದೆ. ಅರ್ಧ ಊರು ಹಾಕಿಸಿ ಅರ್ಧ ಊರು ಬಿಟ್ಟರೆ, ಬಿಟ್ಟ ಅರ್ಧವು ರೋಗಕ್ಕೆ ತೌರುಮನೆಯಾಗುತ್ತದೆ. ಹೊರಗಿನಿಂದ ತಂದ ಹುಂಜವನ್ನು ಮೂರು ವಾರ ಬೇರೆ ಇಟ್ಟು ನೋಡಿದಮೇಲೆಯೇ ಮಂದೆಗೆ ಬಿಡತಕ್ಕದ್ದು. ಹೆಸರಘಟ್ಟದ ಕೇಂದ್ರ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲಿಯೇ 2012ರ ಅಕ್ಟೋಬರಿನಲ್ಲಿ ಹಕ್ಕಿಜ್ವರ ಕಾಣಿಸಿಕೊಂಡು ಅಲ್ಲಿನ ಪಕ್ಷಿಗಳನ್ನು ನಾಶಪಡಿಸಬೇಕಾಯಿತು. ತಿಳಿದವರ ಆವರಣಕ್ಕೇ ರೋಗ ನುಗ್ಗಬಹುದಾದರೆ ಬೇಲಿಯಿಲ್ಲದ ಹಿತ್ತಿಲಿನ ಮಾತೇನು? ಒಮ್ಮೆಗೇ ಹಲವು ಕೋಳಿಗಳು ಸತ್ತರೆ ಅವುಗಳನ್ನು ಕೆರೆಗೋ ಕಾಲುವೆಗೋ ಎಸೆಯದೆ, ಮಾರದೆ, ತಿನ್ನದೆ, ಪಶುವೈದ್ಯರಿಗೆ ತಿಳಿಸಬೇಕು.

ಬೆಳ್ಳಂದೂರು ಸೀಮೆಯವರಿಗೆ ವಿಶೇಷ ಸೂಚನೆ

ವರ್ತೂರು ಹೋಬಳಿಯ ಬೆಳ್ಳಂದೂರು ಹಿಂದೆ ಕೆರೆಯ ನೀರಿನಿಂದ ಗದ್ದೆ ಬೆಳೆಯುತ್ತಿದ್ದ ಊರು. 2007ರಲ್ಲಿ ಮಹಾನಗರ ಪಾಲಿಕೆಯ ಎಲ್ಲೆಯೊಳಗೆ ಬಂದಿತು. ಗದ್ದೆಯಿದ್ದ ಕಡೆ ಎತ್ತರವಾದ ವಸತಿಗಳೆದ್ದಿವೆ. ಆದರೂ ಹಳೆಯ ಊರಿನ ಹಿತ್ತಿಲುಗಳಲ್ಲಿ ಕೋಳಿ ಸಾಕುವವರಿಗೆ ಎರಡು ಮಾತುಗಳನ್ನು ಹೇಳಬೇಕಾಗಿದೆ.

ಮೊದಲನೆಯದು ನೀರು. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯು ಬೆಳ್ಳಂದೂರು ಕೆರೆಗೆ ಬಂದು ಸೇರಿ, ಅಲ್ಲಿಂದ ವರ್ತೂರು ಕೆರೆಗೂ ಮುಂದೆ ದಕ್ಷಿಣ ಪಿನಾಕಿನಿಗೂ ಹರಿದು ಹೋಗುತ್ತದೆ. 2015, 2017 ಮತ್ತು 2018ರಲ್ಲಿ ಈ ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡದ್ದು ಎಲ್ಲರಿಗೂ ತಿಳಿದ ವಿಷಯ. ಕೆರೆಯಂಚಿನಲ್ಲಿ ಕೋಳಿಗಳನ್ನು ಮೇಯಿಸುವುದಾಗಲಿ, ಅಲ್ಲಿನ ಸೊಪ್ಪನ್ನು ತಂದು ಹಾಕುವುದಾಗಲಿ, ಕಾಲುವೆಯ ನೀರನ್ನು ಕುಡಿಸುವುದಾಗಲಿ ಕೂಡದು. ಮನೆಗೆ ಕುಡಿಯಲು ಬಳಸುವ ನೀರನ್ನೇ ಕೋಳಿಗೂ ಇಡತಕ್ಕದ್ದು.

ಎರಡನೆಯದು ಕೂಗು. ಗೋಡೆಗೆ ಗೋಡೆ ತಗುಲಿದ ಕಡೆ ನಾಲ್ಕು ಹುಂಜಗಳು ನಾಲ್ಕು ಗಂಟೆಗೆ ಕೂಗಿದರೆ ನೆರೆಯವರು ದೂರು ಹೇಳುವುದು ನ್ಯಾಯವೇ. ಹುಂಜವು ಬೆಳಕನ್ನು ಕಂಡು ಮಾತ್ರ ಕೂಗುವುದೆಂಬ ನಂಬಿಕೆ ಪೂರ್ಣವಾಗಿ ಸರಿಯಲ್ಲ. ಜಪಾನು ದೇಶದ ಶಾಸ್ತ್ರಜ್ಞರು 2013ರಲ್ಲಿ ಪ್ರಕಟಿಸಿದ ಪರೀಕ್ಷೆಯಿಂದ, ಬೆಳಗಾಗುವ ಹೊತ್ತನ್ನು ತಿಳಿಸುವ ಗಡಿಯಾರವು ಅದರ ಮೈಯಲ್ಲಿಯೇ ಇದೆಯೆಂದು ಗೊತ್ತಾಯಿತು. ಮೊದಲು ದೊಡ್ಡ ಹುಂಜ ಕೂಗುವುದೆಂದೂ ಮಿಕ್ಕವು ಮೇಲುಕೀಳಿನ ಕ್ರಮದಲ್ಲಿಯೇ ಅನಂತರ ಕೂಗುವುವೆಂದೂ 2015ರಲ್ಲಿ ತಿಳಿಯಬಂದಿತು. ಗೂಡನ್ನು ಗೋಣಿಯಿಂದ ಕತ್ತಲೆ ಮಾಡಿದರೆ ಕೂಗು ಸ್ವಲ್ಪ ಕಡಮೆಯಾಗಬಹುದೇ ಹೊರತು ನಿಲ್ಲುವುದಿಲ್ಲ. ಗಾಳಿಯಾಡದಂತೆ ಮುಚ್ಚಿದರೆ ಕೋಳಿಗಳು ಸಾಯುತ್ತವೆ. ಹುಂಜಗಳ ಸಂಖ್ಯೆಯನ್ನು ಇಳಿಸುವುದೇ ನಿಜವಾದ ಉಪಾಯ. ನಾಲ್ಕು ಮನೆಯವರು ಸೇರಿ ಒಂದೇ ಬೀಜದ ಹುಂಜವನ್ನು ಸರದಿಯಂತೆ ಇಟ್ಟುಕೊಳ್ಳಬಹುದು. ಆದರೆ ಯಾವ ಮನೆಯಲ್ಲಿಯೂ ರೋಗವಿಲ್ಲವೆಂದು ನೋಡಿಕೊಂಡೇ ಸಾಗಿಸಬೇಕು.

ಹುಂಜವಿಲ್ಲದ ಮಂದೆ, ಹುಂಜವನ್ನು ಬದಲಿಸುವುದು

ಹುಂಜವಿಲ್ಲದಿದ್ದರೆ ಹೇಂಟೆ ಮೊಟ್ಟೆಯಿಡದೆಂದೂ, ಇಟ್ಟರೂ ಅದರಲ್ಲಿ ಸಾರವಿಲ್ಲವೆಂದೂ ಹೇಳುವುದುಂಟು. ಎರಡೂ ಸುಳ್ಳು. ಹುಂಜವಿಲ್ಲದೆ ಇಟ್ಟ ಮೊಟ್ಟೆಯು ಮರಿಯಾಗದು, ಅಷ್ಟೇ. ತಿನ್ನುವುದಕ್ಕೆ ಯಾವ ಕೊರತೆಯೂ ಇಲ್ಲ, ಬೇಸಗೆಯಲ್ಲಿ ಅದು ಹೆಚ್ಚು ದಿನ ಕೆಡದೆ ಇರುತ್ತದೆ. ಬೀಜವುಳ್ಳ ಮೊಟ್ಟೆಯೊಳಗೆ ಏಪ್ರಿಲ್ ತಿಂಗಳ ಸೆಕೆಗೇ ಜೀವವು ಕದಲಿ, ರಕ್ತದ ಎಳೆ ಕಟ್ಟಿ, ಆಮೇಲೆ ಸತ್ತು ಕೊಳೆಯುತ್ತದೆ. ಅಮೆರಿಕದ ಮಿಸೌರಿ ಮೊದಲಾದ ಸೀಮೆಗಳಲ್ಲಿ 1910ರ ದಶಕದಲ್ಲಿ ಈ ಕಾರಣಕ್ಕಾಗಿಯೇ ಮರಿ ಮಾಡಿಸುವ ಕಾಲ ಮುಗಿದೊಡನೆ ಹುಂಜಗಳನ್ನು ಮಾರಿಬಿಡಿರೆಂದು ರೈತರಲ್ಲಿ ದೊಡ್ಡದಾಗಿ ಪ್ರಚಾರ ನಡೆಸಿದರು. ಮಾರ್ಚಿಯಿಂದ ಮೇವರೆಗೆ ಮರಿ ಮಾಡಿಸದ ಮನೆಯವರು ಬೀಜದ ಹುಂಜವನ್ನೂ ಬೇರೆ ಇಟ್ಟರೆ ಕೊಳೆತ ಮೊಟ್ಟೆಯ ದೂರು ಬರುವುದಿಲ್ಲ.

ಬೀಜದ ಹುಂಜವನ್ನು ಏಳೆಂಟು ತಿಂಗಳ ವಯಸ್ಸಿನ ಮೇಲೆ ಕೆಲಸಕ್ಕೆ ಬಿಟ್ಟು, ಎರಡು ವರ್ಷವಾದಮೇಲೆ ಬದಲಿಸುವುದು ಒಳ್ಳೆಯದು. ಆ ಹೊತ್ತಿಗೆ ಮಂದೆಯಲ್ಲಿರುವ ಹ್ಯಾಟೆಗಳಲ್ಲಿ ಬಹುಪಾಲು ಅದರ ಮಕ್ಕಳೇ ಆಗಿರುತ್ತವೆ. ತಂದೆಮಗಳ ಕೂಟವು ಮುಂದುವರಿದರೆ ಮೊಟ್ಟೆಯೊಳಗೇ ಸಾಯುವ ಮರಿಗಳೂ ನಿಸ್ಸತ್ವವಾದ ಮರಿಗಳೂ ಹೆಚ್ಚುತ್ತವೆ. ಪಕ್ಕದ ಊರಿನವರೊಡನೆ ಹುಂಜಕ್ಕೆ ಹುಂಜವನ್ನು ವಿನಿಮಯ ಮಾಡಿಕೊಂಡರೆ ಯಾರ ಕೈಯಿಂದಲೂ ಹಣ ಬಿಡುವುದಿಲ್ಲ. ಹಳೆಯದನ್ನು ತೆಗೆದಮೇಲೆಯೂ ಎರಡು ವಾರ, ಕೆಲವೊಮ್ಮೆ ಮೂರು ವಾರದವರೆಗೆ, ಅದರ ಬೀಜವು ಹೇಂಟೆಯ ಮೈಯಲ್ಲಿ ನಿಂತಿರುತ್ತದೆ. ಆದುದರಿಂದ ಹೊಸ ಹುಂಜವನ್ನು ಮೂರು ವಾರ ಪ್ರತ್ಯೇಕವಾಗಿಟ್ಟಿರುವ ಕಾಲಕ್ಕೇ ಹಳೆಯದನ್ನು ಮಾರಿ, ಆ ಮೂರು ವಾರದ ಮೊಟ್ಟೆಗಳನ್ನು ಮನೆಗೂ ಮಾರಾಟಕ್ಕೂ ಬಳಸಿಕೊಂಡು, ಹೊಸದನ್ನು ಸಂಜೆ ಕತ್ತಲಾದಮೇಲೆ ಗೂಡಿಗೆ ಬಿಟ್ಟು, ಅದಾದ ಒಂದು ವಾರದ ಮೇಲಿನ ಮೊಟ್ಟೆಗಳನ್ನು ಕಾವಿಗೆ ಕೂಡಿಡತಕ್ಕದ್ದು.